ಯಾದವಗಿರಿಯಿಂದ ಡೊಂಬಿವಲಿಗೆ: ಒಂದು ಜಾವಾದ ಪಾಠಾಂತರಗಳು

ಮೂರು ವರ್ಷಗಳ ಹಿಂದೆ ಮೈಸೂರಿನಿಂದ ದಾದರಿಗೆ ಬರುವ ಶರಾವತಿ ಎಕ್ಸ್‌ಪ್ರೆಸ್ಸಿನ ಪಾರ್ಸೆಲ್ ಡಬ್ಬಿಯಿಂದ ಗೋಣಿತಾಟು ಸುತ್ತಿದ ಒಂದು ಮೋಟಾರ್‌ಸೈಕಲ್ಲು ಕಲ್ಯಾಣದ ನಿಲ್ದಾಣದಲ್ಲಿ ಇಳಿಯಿತು. ನನ್ನ ಸೋದರಮಾವ 1963ರಲ್ಲಿ ಕೊಂಡ ಜಾವಾ ಅದು. ಟ್ಯಾಂಕಿನಲ್ಲಿ ಒಂದು ಹನಿಯೂ ಪೆಟ್ರೋಲು ಇರಕೂಡದೆಂಬುದು ರೈಲ್ವೆಯ ಕಟ್ಟಳೆ. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಹಿತ್ತಿಲ ತಗಡಿನ ಮಾಡಿನ ಕೆಳಗೆ ನಿಂತಿದ್ದ ವಾಹನಕ್ಕೆ ಆ ಕಟ್ಟಳೆಯನ್ನು ಪಾಲಿಸುವುದು ಕಷ್ಟವೇನೂ ಆಗಲಿಲ್ಲ. ಮಾವ ತೀರಿಕೊಂಡ ಮೇಲೆ ಅತ್ತೆ ಫೋನು ಮಾಡಿ, “ಗುಜರಿಯವನು ಎರಡು ಸಲ ಬಂದು ಹೋದ. ನೀನು ತಗೊಂಡು ಹೋಗ್ತೀಯೋ, ಅವನಿಗೆ ಕೊಡಲೋ?” ಎಂದು ಕೇಳಿದ್ದರು. ನಾನು ಯೋಚಿಸದೆ ಹೂಂ ಎಂದೆ. ಆ ಹೂಂಕಾರದ ಭಾರ ನೂರಿಪ್ಪತ್ತು ಕಿಲೋಗೂ ಮಿಕ್ಕಿದ್ದು ಎಂಬುದು ಡೊಂಬಿವಲಿಯ ನಮ್ಮ ಕಟ್ಟಡದ ಪಾರ್ಕಿಂಗಿನವರೆಗೆ ಅದನ್ನು ತಳ್ಳಿಸಿಕೊಂಡು ಬಂದಾಗ ತಿಳಿಯಿತು.

ಹಳೆಯ ವಾಹನವೊಂದನ್ನು ಮನೆಯಲ್ಲೇ ಬಿಚ್ಚಿ ಕಟ್ಟುವ ಹವ್ಯಾಸದ ಬಗ್ಗೆ ಬರೆಯುವುದು ಈ ಲೇಖನದ ಉದ್ದೇಶವಲ್ಲ. ಬಿಚ್ಚುವಾಗ ಕಣ್ಣಿಗೆ ಬಿದ್ದ ಒಂದು ಚರಿತ್ರೆಯನ್ನೂ, ಕಟ್ಟುವಾಗ ಎದುರಾದ ಒಂದು ಪ್ರಶ್ನೆಯನ್ನೂ ಇಲ್ಲಿ ಮುಂದಿಡುತ್ತಿದ್ದೇನೆ. ಆ ಚರಿತ್ರೆ ಮುಂಬಯಿಯಲ್ಲಿ ಆರಂಭವಾಗಿ ಮೈಸೂರಿಗೆ ಹೋದದ್ದು. ಆದ್ದರಿಂದ ಇತ್ತಲಿನ ಕನ್ನಡಿಗರಿಗೆ ಅದು ಎರಡು ಬಗೆಯಲ್ಲಿ ಸೇರುತ್ತದೆ.

ಮುಂಬಯಿಯ ಬಂಡವಾಳ, ಮೈಸೂರಿನ ನೆಲ

ಜಾವಾ ಎಂಬ ಹೆಸರಿಗೂ ಅದೇ ಹೆಸರಿನ ದ್ವೀಪಕ್ಕೂ ಸಂಬಂಧವಿಲ್ಲ. 1929ರಲ್ಲಿ ಪ್ರಾಗ್ ನಗರದ ಶಸ್ತ್ರಾಸ್ತ್ರ ತಯಾರಕ ಫ್ರಾಂಟಿಶೆಕ್ ಯಾನೆಚೆಕ್ ಜರ್ಮನಿಯ ವಾಂಡರರ್ ಕಂಪನಿಯಿಂದ ಒಂದು ಮೋಟಾರ್‌ಸೈಕಲ್ಲಿನ ವಿನ್ಯಾಸವನ್ನು ಕೊಂಡು ತಯಾರಿಕೆ ಆರಂಭಿಸಿದ. ತನ್ನ ಹೆಸರಿನ ಮೊದಲೆರಡು ಅಕ್ಷರಗಳನ್ನೂ ವಾಂಡರರ್‌ನ ಮೊದಲೆರಡು ಅಕ್ಷರಗಳನ್ನೂ ಜೋಡಿಸಿದಾಗ ‘ಜಾವಾ’ ಆಯಿತು. ಎರಡನೆಯ ಮಹಾಯುದ್ಧದ ನಂತರ ಕಾರ್ಖಾನೆ ಜೆಕೊಸ್ಲೊವಾಕಿಯದ ಸರಕಾರದ ವಶಕ್ಕೆ ಹೋಯಿತು. 1950ರ ದಶಕದ ನಡುವಿನಲ್ಲಿ ಅಲ್ಲಿ ರೂಪುಗೊಂಡ 250 ಸಿ.ಸಿ.ಯ ಮಾದರಿಗೆ ಜೆಕ್ ಜನ ‘ಕೀವಾಚ್ಕಾ’ ಎಂಬ ಅಡ್ಡಹೆಸರು ಕೊಟ್ಟರು. ಹಿಂದಿನ ಚಕ್ರವನ್ನು ಹಿಡಿದ ತೋಳು ತೂಗುವ ರೀತಿಯಿಂದ ಬಂದ ಹೆಸರು ಅದು. ನಮ್ಮ ಮೈಸೂರಿಗೆ ಬಂದದ್ದು ಈ ಕೀವಾಚ್ಕಾ.

ಅದನ್ನು ತಂದವರು ಮುಂಬಯಿಯ ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ. 1950ರ ದಶಕದಲ್ಲಿ ಅವರ ಐಡಿಯಲ್ ಮೋಟರ್ಸ್ ಸಂಸ್ಥೆ ಜಾವಾಗಳನ್ನು ಹಡಗಿನಲ್ಲಿ ತರಿಸಿ ಮಾರುತ್ತಿತ್ತು. ವಿದೇಶಿ ವಿನಿಮಯದ ಕೊರತೆಯಿಂದ ಸರಕಾರ ಆಮದಿನ ಮೇಲೆ ಬಿಗಿ ಮಾಡಿದಾಗ, ಈ ದೇಶದಲ್ಲೇ ತಯಾರಿಸಿದರೆ ಮಾತ್ರ ವ್ಯಾಪಾರಕ್ಕೆ ಉಳಿವು ಎಂಬ ಸ್ಥಿತಿ ಬಂದಿತು. ಮದ್ರಾಸಿನಲ್ಲಿ 1955ರಲ್ಲಿ ಎನ್‌ಫೀಲ್ಡ್ ಈ ದಾರಿಯನ್ನು ಆಗಲೇ ಹಿಡಿದಿತ್ತು. ಇರಾನಿಗಳು 1960ರಲ್ಲಿ ಐಡಿಯಲ್ ಜಾವಾ (ಇಂಡಿಯಾ) ಲಿಮಿಟೆಡ್ ಎಂಬ ಕಂಪನಿಯನ್ನು ಸ್ಥಾಪಿಸಿ ಮೈಸೂರಿನ ಯಾದವಗಿರಿಯಲ್ಲಿ ಕಾರ್ಖಾನೆ ಕಟ್ಟಿದರು. ಅದನ್ನು ಉದ್ಘಾಟಿಸಿದವರು ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು.

ಮೈಸೂರೇ ಏಕೆ ಎಂಬುದಕ್ಕೆ ಉತ್ತರ ಆ ಸಂಸ್ಥಾನದ ಹಳೆಯ ನಡೆಯಲ್ಲಿ ಸಿಗುತ್ತದೆ. ಗಂಧದೆಣ್ಣೆಯ ಕಾರ್ಖಾನೆ, ಭದ್ರಾವತಿಯ ಕಬ್ಬಿಣ, ಕೃಷ್ಣರಾಜೇಂದ್ರ ಗಿರಣಿ, ಅಶೋಕಪುರಂನ ರೈಲ್ವೆ ವರ್ಕ್‌ಶಾಪು ಇವೆಲ್ಲ ಅರಮನೆಯ ಊರಿಗೆ ಲೋಹದ ಮತ್ತು ಯಂತ್ರದ ಪರಿಚಯ ಮಾಡಿಸಿದ್ದವು. ಯಾದವಗಿರಿಯೂ ವಿಚಿತ್ರವಾದ ನೆರೆಹೊರೆಯ ಬಡಾವಣೆ. ಅಲ್ಲೇ ಆಕಾಶವಾಣಿ, ಅಲ್ಲೇ ಆರ್. ಕೆ. ನಾರಾಯಣರು ಕಟ್ಟಿಸಿಕೊಂಡ ಮನೆ, ಅಲ್ಲೇ ಈ ಕಾರ್ಖಾನೆ. 1961ರಿಂದ ಅದರ ಬಾಗಿಲಿನಿಂದ ಮೋಟಾರ್‌ಸೈಕಲ್ಲುಗಳು ಹೊರಬರತೊಡಗಿದವು.

ಇರಾನಿಗಳು ಪಾರಸಿಗಳಂತೆಯೇ ಜರತುಷ್ಟ್ರನ ಅನುಯಾಯಿಗಳಾದರೂ ಅವರಿಗಿಂತ ಬಹಳ ತಡವಾಗಿ, ಹತ್ತೊಂಬತ್ತನೆಯ ಶತಮಾನದಲ್ಲೂ ಇಪ್ಪತ್ತನೆಯ ಶತಮಾನದ ಆದಿಯಲ್ಲೂ, ಯಜ್ದ್ ಮತ್ತು ಕೆರ್ಮಾನ್ ಪ್ರಾಂತಗಳಿಂದ ಮುಂಬಯಿಗೆ ಬಂದವರು. ಈ ನಗರದ ಮೂಲೆಮೂಲೆಗಳಲ್ಲಿ ಇರಾನಿ ಹೋಟೆಲುಗಳನ್ನು ತೆರೆದವರು ಅವರೇ. ಕರಾವಳಿಯಿಂದ ಬಂದ ನಮ್ಮವರ ಉಡುಪಿ ಹೋಟೆಲುಗಳು ಎಷ್ಟೋ ಕಡೆ ಅವರ ಎದುರು ಗಲ್ಲಿಯಲ್ಲೇ ಎದ್ದವು. ಕನ್ನಡ ನಾಡಿನ ಜನ ದುಡಿಮೆಗಾಗಿ ಮುಂಬಯಿಗೆ ಬರುತ್ತಿದ್ದ ದಿನಗಳಲ್ಲೇ ಮುಂಬಯಿಯ ವಲಸಿಗ ಸಮುದಾಯವೊಂದರ ಹಣ ಕನ್ನಡ ನಾಡಿಗೆ ಹೋಗಿ ಅಲ್ಲಿ ದುಡಿಮೆ ಹುಟ್ಟಿಸಿತು. ಮುಂಬಯಿ ಮತ್ತು ಕರ್ನಾಟಕದ ನಂಟಿನ ಕಥೆಯನ್ನು ನಾವು ಸಾಮಾನ್ಯವಾಗಿ ಒಂದೇ ದಿಕ್ಕಿನಿಂದ ಹೇಳುತ್ತೇವೆ. ಜಾವಾ ಅದರ ಇನ್ನೊಂದು ದಿಕ್ಕು.

ಬಿಚ್ಚಿದಾಗ ಕಂಡದ್ದು

ಪಾರ್ಕಿಂಗಿನ ಕಲ್ಲುಹಾಸಿನ ಮೇಲೆ ಕಪ್ಪು ಎಣ್ಣೆ ಬಿತ್ತೆಂದು ಸೊಸೈಟಿಯಿಂದ ಒಂದು ಚೀಟಿ ಬಂದ ಮೇಲೆ ಎಂಜಿನ್ನು ನಮ್ಮ ಮನೆಯ ಹಿಂದಿನ ಬಾಲ್ಕನಿಗೆ ಏರಿತು. ಬಿಚ್ಚಿದ ನಟ್ಟು, ಬೋಲ್ಟು, ವಾಷರುಗಳಿಗೆ ಶ್ರೀಖಂಡದ ಖಾಲಿ ಡಬ್ಬಿಗಳು ಬಂದವು. ಪ್ರತಿ ಡಬ್ಬಿಗೂ ಒಂದು ಚೀಟಿ, ಚೀಟಿಯಲ್ಲಿ ಸಂಖ್ಯೆ, ಸಂಖ್ಯೆಗೆ ತಕ್ಕಂತೆ ನೋಟುಪುಸ್ತಕದಲ್ಲಿ ಒಂದು ಸಾಲು. ಶಿಸ್ತಿನ ಮನುಷ್ಯನಲ್ಲದ ನನ್ನಿಂದ ಈ ಯಂತ್ರ ಮೊದಲು ಮಾಡಿಸಿದ ಕೆಲಸ ಇದು.

ಜಾವಾದ ಎಂಜಿನ್ನು ಟೂ ಸ್ಟ್ರೋಕ್ ಬಗೆಯದು. ಒಂದೇ ಸಿಲಿಂಡರು. ಆದರೆ ಹೊಗೆ ಹೋಗಲು ಎರಡು ದ್ವಾರ, ಎರಡು ಕೊಳವೆ, ಎರಡು ಸೈಲೆನ್ಸರು. ದೂರದಿಂದ ನೋಡಿದವರು ಇದನ್ನು ಜೋಡಿ ಸಿಲಿಂಡರಿನ ಬೈಕೆಂದೇ ತಿಳಿಯುತ್ತಿದ್ದರು. ಗೇರು ಹಾಕುವ ಲಿವರೂ ಕಿಕ್ ಹೊಡೆಯುವ ಲಿವರೂ ಒಂದೇ. ಒಳಕ್ಕೆ ಒತ್ತಿ ಮೇಲೆ ತಿರುಗಿಸಿದರೆ ಕಿಕ್ಕರ್, ಸ್ಟಾರ್ಟ್ ಆದ ಮೇಲೆ ಮುಂದಕ್ಕೆ ತಿರುಗಿಸಿದರೆ ಗೇರು. ಆ ಲಿವರನ್ನು ಕಾಲಿನಿಂದ ಒತ್ತಿದಾಗ ಕ್ಲಚ್ ತಾನೇ ಬಿಡುವ ಏರ್ಪಾಡೂ ಇತ್ತು. ಟೂ ಸ್ಟ್ರೋಕಿನಲ್ಲಿ ಎಂಜಿನ್ನಿಗೆ ಬೇರೆ ಎಣ್ಣೆ ಇರುವುದಿಲ್ಲ. ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಿ ಹಾಕಬೇಕು. ಆ ಮಿಶ್ರಣ ಮೊದಲು ಪಿಸ್ಟನ್ನಿನ ಕೆಳಗಿನ ಕ್ರ್ಯಾಂಕಿನ ಗೂಡಿಗೆ ಬಂದು, ಅಲ್ಲಿ ಒತ್ತಡಕ್ಕೆ ಸಿಕ್ಕಿ, ಆಮೇಲೆ ಸಿಲಿಂಡರಿನೊಳಕ್ಕೆ ನುಗ್ಗುತ್ತದೆ. ಆದ್ದರಿಂದ ಆ ಗೂಡಿನಲ್ಲಿ ಎಲ್ಲಿಯೂ ಗಾಳಿ ಸೋರಕೂಡದು. ಕ್ರ್ಯಾಂಕಿನ ಎರಡು ಬದಿಯ ರಬ್ಬರಿನ ಸೀಲುಗಳು ಒಣಗಿ ಬಿರುಕುಬಿಟ್ಟರೆ ಉಳಿದದ್ದೆಲ್ಲ ಸರಿಯಿದ್ದರೂ ಬೈಕು ಓಡದು.

ಇದನ್ನು ನನಗೆ ಕಲಿಸಿದವರು ಮೈಸೂರಿನ ಒಬ್ಬ ಹಿರಿಯ ಮೆಕ್ಯಾನಿಕ್. ಯೌವನದಲ್ಲಿ ಯಾದವಗಿರಿಯ ಕಾರ್ಖಾನೆಯ ಎಂಜಿನ್ ಜೋಡಣೆಯ ವಿಭಾಗದಲ್ಲಿ ದುಡಿದವರು. ಎರಡು ವಾರ ಕಾರ್ಬ್ಯುರೇಟರಿನೊಡನೆ ಗುದ್ದಾಡಿ ಸೋತು ಫೋನು ಮಾಡಿದಾಗ ಅವರೆಂದರು: “ಸಾರ್, ಹಳೇ ಸೀಲ್ ಇಟ್ಕೊಂಡು ಕಾರ್ಬ್ಯುರೇಟರ್ ಬಿಚ್ತಾ ಕೂತ್ರೆ ಜನ್ಮ ಪೂರ್ತಿ ಬಿಚ್ತಾನೇ ಇರ್ತೀರಿ. ಗಾಳಿ ಎಲ್ಲಿಂದ ಬರ್ತಿದೆ ಅಂತ ಮೊದ್ಲು ನೋಡಿ.”

ಸಿಲಿಂಡರನ್ನು ಅಳೆಸಲು ಠಾಣೆಯ ವಾಗ್ಳೆ ಎಸ್ಟೇಟಿಗೆ ಒಯ್ದೆ. ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ 1962ರಲ್ಲಿ ಹುಟ್ಟಿದಾಗ ಮೊದಲು ಕೈಹಾಕಿದ ಕೈಗಾರಿಕಾ ಪ್ರದೇಶ ಅದು. ಹೆಚ್ಚುಕಡಿಮೆ ನನ್ನ ಜಾವಾದ ಓರಗೆ. ದೊಡ್ಡ ಕಾರ್ಖಾನೆಗಳ ಜಾಗದಲ್ಲಿ ಈಗ ಗಾಜಿನ ಕಚೇರಿಗಳು ಎದ್ದಿದ್ದರೂ ಹಿಂದಿನ ಗಲ್ಲಿಗಳಲ್ಲಿ ಲೇತ್ ಯಂತ್ರಗಳು ಇನ್ನೂ ತಿರುಗುತ್ತಿವೆ. ಕಾರ್ಖಾನೆಯಿಂದ ಬಂದಾಗ ಜಾವಾದ ಸಿಲಿಂಡರಿನ ವ್ಯಾಸ 65 ಮಿಲಿಮೀಟರು. ನನ್ನದರಲ್ಲಿ ಅಳತೆ 65.75 ಬಂದಿತು. ಸಿಲಿಂಡರು ಸವೆದಾಗ ಅದನ್ನು ಕಾಲು ಮಿಲಿಮೀಟರಿನಷ್ಟು ಕೊರೆದು ದೊಡ್ಡ ಪಿಸ್ಟನ್ ಹಾಕುವುದು ರೂಢಿ. ಅಂದರೆ ಈ ಎಂಜಿನ್ನು ಮೂರು ಸಲ ಸವೆದು ಮೂರು ಸಲ ಹೊಸ ಹುಟ್ಟು ಪಡೆದಿದೆ. ಕಡಿದ ಮರದ ಉಂಗುರಗಳನ್ನು ಎಣಿಸಿದಂತೆ ಮಾವನ ತಿರುಗಾಟಗಳನ್ನು ಎಣಿಸಬಹುದಾದ ಅಂಕಿ ಅದು.

ಇನ್ನೂ ಮುಖ್ಯವಾದದ್ದು ಬಿಡಿಭಾಗಗಳ ಮೈಮೇಲಿನ ಬರಹ. ಮೈಸೂರಿನ ಕಾರ್ಖಾನೆ ಮೊದಲ ದಿನದಿಂದಲೇ ಎಲ್ಲವನ್ನೂ ತಾನೇ ಎರಕ ಹೊಯ್ಯಲಿಲ್ಲ. ಆರಂಭದಲ್ಲಿ ಭಾಗಗಳು ಜೆಕೊಸ್ಲೊವಾಕಿಯದಿಂದ ಪೆಟ್ಟಿಗೆಗಳಲ್ಲಿ ಬಂದು ಇಲ್ಲಿ ಜೋಡಣೆಯಾಗುತ್ತಿದ್ದವು. ವರ್ಷ ಕಳೆದಂತೆ ಒಂದೊಂದೇ ಭಾಗ ಇಲ್ಲಿಯದಾಯಿತು. 1963ರ ಈ ಗಾಡಿಯಲ್ಲಿ ಕಾರ್ಬ್ಯುರೇಟರಿನ ಮೇಲೆ ಜೆಕ್ ದೇಶದ ಜಿಕೋವ್ ಹೆಸರಿದೆ. ಕೆಲವು ಭಾಗಗಳ ಮೇಲೆ ಜೆಕೊಸ್ಲೊವಾಕಿಯದ ಮುದ್ರೆ, ಕೆಲವುಗಳ ಮೇಲೆ ಐಡಿಯಲ್ ಜಾವಾದ ಮುದ್ರೆ. ಬಲಬದಿಯ ಎಂಜಿನ್ ಮುಚ್ಚಳದ ಮೇಲೆ ಮಾತ್ರ ‘ಯೆಜ್ಡಿ’ ಎಂದಿದೆ. 1963ರಲ್ಲಿ ಆ ಹೆಸರೇ ಹುಟ್ಟಿರಲಿಲ್ಲ.

ಜಾವಾ ಯೆಜ್ಡಿಯಾದ ಬಗೆ

ಜೆಕ್ ಕಂಪನಿಯೊಡನೆ ಮಾಡಿಕೊಂಡಿದ್ದ ಪರವಾನಗಿಯ ಕಾಲ ಮುಗಿದು, 1973ರ ಸುಮಾರಿಗೆ ಮೈಸೂರಿನ ಬೈಕುಗಳು ಯೆಜ್ಡಿ ಎಂಬ ಹೆಸರಿನಲ್ಲಿ ಬರತೊಡಗಿದವು. ಇರಾನಿಗಳ ಪೂರ್ವಿಕರ ಊರಾದ ಯಜ್ದ್‌ನಿಂದ ಬಂದ ಹೆಸರಿದು ಎಂಬುದು ಒಂದು ವಿವರಣೆ. ಜೆಕ್ ಭಾಷೆಯಲ್ಲಿ ‘ಸವಾರಿ ಮಾಡು’ ಎಂಬ ಅರ್ಥದ ‘ಯೆಜ್ದಿತ್’ ಧಾತುವಿನಿಂದ ಬಂದದ್ದು ಎಂಬುದು ಇನ್ನೊಂದು. ಹೆಸರೊಂದಕ್ಕೆ ಹೀಗೆ ಎರಡು ನಾಡಿನ ವ್ಯುತ್ಪತ್ತಿ ದೊರೆಯುವುದು ನಮ್ಮ ಸ್ಥಳನಾಮ ಸಂಶೋಧಕರಿಗೆ ಹೊಸತಲ್ಲ. ಎಂಜಿನ್ನಿನ ಒಡಲು ಹೆಚ್ಚು ಬದಲಾಗದೆ ಇದ್ದದ್ದರಿಂದ ಯೆಜ್ಡಿಯ ಭಾಗ ಜಾವಾಕ್ಕೂ ಹೊಂದುತ್ತಿತ್ತು. ಮಾವನ ಗಾಡಿಯ ಮುಚ್ಚಳ ಎಲ್ಲೋ ಬಿದ್ದು ಒಡೆದಾಗ ಅಂಗಡಿಯಲ್ಲಿ ಸಿಕ್ಕಿದ್ದು ಯೆಜ್ಡಿಯದು.

1978ರಲ್ಲಿ ಬಂದ ರೋಡ್‌ಕಿಂಗ್ ಈ ವಂಶದ ಪ್ರಖ್ಯಾತ ಕುಡಿ. ಮದ್ರಾಸಿನ ಬಳಿಯ ಶೋಲಾವರಂ ಓಟದ ಕಣದಲ್ಲೂ ದೇಶದ ರ‍್ಯಾಲಿಗಳಲ್ಲೂ ಮೈಸೂರಿನ ಗಾಡಿಗಳು ಹೆಸರು ಮಾಡಿದವು. ಆದರೆ 1980ರ ದಶಕದ ನಡುವಿನಲ್ಲಿ ಗಾಳಿ ತಿರುಗಿತು. ಜಪಾನಿನ ಕಂಪನಿಗಳ ಸಹಯೋಗದಲ್ಲಿ 100 ಸಿ.ಸಿ.ಯ ಹಗುರ ಬೈಕುಗಳು ಬಂದವು: 1984ರಲ್ಲಿ ಇಂಡ್ ಸುಜುಕಿ, 1985ರಲ್ಲಿ ಹೀರೋ ಹೋಂಡಾ ಸಿ.ಡಿ. 100 ಮತ್ತು ಯಮಹಾ ಆರ್.ಎಕ್ಸ್. 100. ಅದರಲ್ಲೂ ಹೀರೋ ಹೋಂಡಾದ್ದು ಫೋರ್ ಸ್ಟ್ರೋಕ್ ಎಂಜಿನ್ನು. ಪೆಟ್ರೋಲಿನಲ್ಲಿ ಎಣ್ಣೆ ಬೆರೆಸಬೇಕಿಲ್ಲ, ಹೊಗೆಯಿಲ್ಲ, ಲೀಟರಿಗೆ ಯೆಜ್ಡಿ ಕೊಡುವುದರ ದುಪ್ಪಟ್ಟಿಗೂ ಹೆಚ್ಚು ದೂರ ಹೋಗುತ್ತಿತ್ತು. ತಿಂಗಳ ಸಂಬಳದ ಮನೆಗಳ ಲೆಕ್ಕಕ್ಕೆ ಅದರ ಮುಂದೆ ಯೆಜ್ಡಿ ನಿಲ್ಲಲಿಲ್ಲ. ಕಾರ್ಮಿಕ ವಿವಾದಗಳು, ಸಾಲ, ವಾಹನಗಳ ಹೊಗೆಯ ಮೇಲಿನ ಬಿಗಿಯಾಗುತ್ತಿದ್ದ ನಿಯಮಗಳು ಒಂದರ ಮೇಲೊಂದು ಬಂದವು. 1996ರಲ್ಲಿ ಯಾದವಗಿರಿಯ ಕಾರ್ಖಾನೆ ನಿಂತಿತು. 2001ರಲ್ಲಿ ಕಂಪನಿಯನ್ನು ಸಮಾಪನಗೊಳಿಸಲು ಹೈಕೋರ್ಟಿನ ಆದೇಶವಾಯಿತು. ಸೈಕಲ್ಲು ಹೊಡೆದುಕೊಂಡು ಪಾಳಿಗೆ ಬರುತ್ತಿದ್ದ ಕಾರ್ಮಿಕರ ಸಾಲು ಒಮ್ಮೆ ಇದ್ದ ಕಡೆ ಈಗ ವಸತಿ ಕಟ್ಟಡಗಳು ನಿಂತಿವೆ.

ಹೆಸರು ಮಾತ್ರ ಮತ್ತೆ ಬಂದಿತು. 2018ರ ನವೆಂಬರಿನಲ್ಲಿ ಮಹೀಂದ್ರ ಸಮೂಹದ ಕ್ಲಾಸಿಕ್ ಲೆಜೆಂಡ್ಸ್ ಸಂಸ್ಥೆ ಮುಂಬಯಿಯಲ್ಲೇ ಹೊಸ ಜಾವಾವನ್ನು ಅನಾವರಣ ಮಾಡಿತು. 2022ರ ಜನವರಿಯಲ್ಲಿ ಯೆಜ್ಡಿಯೂ ಬಂದಿತು. ಆ ಹೆಸರಿನ ಒಡೆತನ ಯಾರದೆಂಬ ವ್ಯಾಜ್ಯ ಕರ್ನಾಟಕ ಹೈಕೋರ್ಟಿನ ಮೆಟ್ಟಿಲೇರಿತು. ಹೊಸ ಬೈಕುಗಳು ಫೋರ್ ಸ್ಟ್ರೋಕ್ ಎಂಜಿನ್ನಿನವು. ಮೈಸೂರಿನಲ್ಲಿ ತಯಾರಾಗುವವೂ ಅಲ್ಲ. ಹಳೆಯ ಗಾಡಿಗಳನ್ನು ಇಟ್ಟುಕೊಂಡವರು ಜುಲೈ ತಿಂಗಳ ಎರಡನೆಯ ಭಾನುವಾರ ಅಂತರರಾಷ್ಟ್ರೀಯ ಜಾವಾ ದಿನವೆಂದು ಬೆಂಗಳೂರು, ಮೈಸೂರುಗಳಲ್ಲಿ ಸೇರುತ್ತಾರೆ.

ಮೂಲ ಎಂದರೆ ಯಾವುದು?

ಈಗ ನನಗೆ ಎದುರಾದ ಪ್ರಶ್ನೆಗೆ ಬರುತ್ತೇನೆ. ಜಾವಾ ಹಿಡಿದುಕೊಂಡಿದ್ದೇನೆಂದು ತಿಳಿದ ಬಲ್ಲವರೆಲ್ಲ ಕೊಟ್ಟ ಸಲಹೆ ಒಂದೇ: ಅದನ್ನು ‘ಒರಿಜಿನಲ್’ ಮಾಡಿ. ಯೆಜ್ಡಿಯ ಮುಚ್ಚಳ ಕಿತ್ತು ಹಾಕಿ. ಮೈಸೂರಿನ ಮುದ್ರೆಯಿರುವ ಭಾಗ ತೆಗೆದು ಜೆಕ್ ಮುದ್ರೆಯದನ್ನು ಹುಡುಕಿ. ಕುರ್ಲಾದಲ್ಲಿ, ಚೋರ್ ಬಜಾರಿನಲ್ಲಿ, ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ವಿಚಾರಿಸಿ. ಜೆಕ್ ಮುದ್ರೆಯ ಒಂದು ಚಿಕ್ಕ ಭಾಗಕ್ಕೆ ಕೇಳುವ ಬೆಲೆಯಲ್ಲಿ ಮೈಸೂರಿನ ಮುದ್ರೆಯವು ನಾಲ್ಕು ಬರುತ್ತವೆ. ಮತ್ತೊಂದು ಸಲಹೆ ಹಿಂದಿನ ಚಕ್ರದ ಎಡಬದಿಯ ಕಬ್ಬಿಣದ ಸರಳಿನ ಜಾಲರಿಯ ಬಗ್ಗೆ. “ಇದನ್ನು ಕತ್ತರಿಸಿ ಎಸೆಯಿರಿ. ಯಾರೋ ಗ್ಯಾಸ್ ವೆಲ್ಡಿಂಗಿನವನು ಮಾಡಿದ್ದು. ಗಾಡಿಯ ಅಂದವೇ ಕೆಟ್ಟಿದೆ.”

ಸಾಹಿತ್ಯದ ಒಡನಾಟವಿರುವವರಿಗೆ ಈ ಸಮಸ್ಯೆ ಹಳೆಯದು. ಒಂದು ಕಾವ್ಯದ ಹಲವು ಓಲೆಪ್ರತಿಗಳು ಮುಂದಿದ್ದಾಗ ಸಂಪಾದಕ ತನಗೆ ಚೆಂದ ಕಂಡ ಪಾಠವನ್ನು ಮೂಲವೆಂದು ಕರೆಯಲಾರ. ಲಿಪಿಕಾರನ ತಪ್ಪನ್ನೂ, ಉದ್ದೇಶಪೂರ್ವಕವಾದ ತಿದ್ದುಪಡಿಯನ್ನೂ, ಕವಿಯ ಮಾತನ್ನೂ ಬೇರೆಬೇರೆಯಾಗಿ ಗುರುತಿಸಬೇಕು. ಬಿಟ್ಟ ಪಾಠಗಳನ್ನು ಅಡಿಯಲ್ಲಿ ದಾಖಲಿಸಬೇಕು. ಡಿ. ಎಲ್. ನರಸಿಂಹಾಚಾರ್ ಈ ಶಾಸ್ತ್ರವನ್ನು ಕನ್ನಡಕ್ಕೆ ವಿವರವಾಗಿ ಒದಗಿಸಿದ ‘ಕನ್ನಡ ಗ್ರಂಥಸಂಪಾದನೆ’ ಪ್ರಕಟವಾದದ್ದು 1964ರಲ್ಲಿ. ಅವರು ಪಾಠ ಹೇಳಿದ್ದು ಜಾವಾ ತಯಾರಾಗುತ್ತಿದ್ದ ಊರಿನಲ್ಲೇ. ಅದೇ 1964ರಲ್ಲಿ ವೆನಿಸ್ ನಗರದಲ್ಲಿ ಸೇರಿದ ಸ್ಮಾರಕ ತಜ್ಞರು ಒಂದು ಸನ್ನದನ್ನು ಒಪ್ಪಿದರು. ಊಹೆ ಆರಂಭವಾಗುವ ಕಡೆ ಜೀರ್ಣೋದ್ಧಾರ ನಿಲ್ಲಬೇಕು, ಬೇರೆಬೇರೆ ಕಾಲದವರು ಕಟ್ಟಡಕ್ಕೆ ಸೇರಿಸಿದ್ದನ್ನು ಗೌರವಿಸಬೇಕು ಎಂಬುದು ಅದರ ಹುರುಳು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ ಈ ತತ್ವವನ್ನೇ ಮುಂದುವರಿಸಿ ಟೂರಿನ್ ಸನ್ನದನ್ನು ರೂಪಿಸಿತು. ವಾಹನದಲ್ಲಿ ಆದಷ್ಟು ಕಡಿಮೆ ಕೈಯಾಡಿಸಬೇಕು, ಹೊಸದಾಗಿ ಹಾಕಿದ ಭಾಗ ಹೊಸದೆಂದು ಗುರುತು ಸಿಗಬೇಕು ಎನ್ನುತ್ತದೆ ಅದು.

ನಮ್ಮ ಸರಕಾರವೂ 2021ರಲ್ಲಿ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿಯ ನಿಯಮ ತಂದಿದೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು. ಮೂಲರೂಪದಲ್ಲೇ ಇರಬೇಕು. ಚಾಸಿಯಲ್ಲಾಗಲಿ ಎಂಜಿನ್ನಿನಲ್ಲಾಗಲಿ ಗಣನೀಯ ಮಾರ್ಪಾಡು ಆಗಿರಕೂಡದು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಸಂಖ್ಯೆಯ ನಡುವೆ ‘ವಿ.ಎ.’ ಎಂಬ ಅಕ್ಷರಗಳು. ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲಿಗೆ, ರಿಪೇರಿಗೆ ಹೊರತರಬಹುದು. ‘ಎಂ.ವೈ.’ ಎಂದು ಶುರುವಾಗುವ ಹಳೆಯ ಮೈಸೂರು ರಾಜ್ಯದ ಸಂಖ್ಯೆಯ ನನ್ನ ಗಾಡಿ ಕಲ್ಯಾಣದ ಎಂ.ಎಚ್. 05ರ ವ್ಯಾಪ್ತಿಗೆ ಬರಬೇಕಾದರೆ ಮೈಸೂರಿನ ಆರ್.ಟಿ.ಓ.ದ ನಿರಾಕ್ಷೇಪಣಾ ಪತ್ರವೂ ಬೇಕು. ಕಾಗದದ ಆ ದಾರಿಯಲ್ಲಿ ನಾನಿನ್ನೂ ನಡೆಯುತ್ತಿದ್ದೇನೆ. ಇಲ್ಲಿ ಗಮನಿಸಬೇಕಾದದ್ದು ‘ಮೂಲರೂಪ’ ಎಂಬ ಮಾತು. ಜೆಕ್ ಭಾಗಗಳನ್ನೆಲ್ಲ ಹುಡುಕಿ ತುಂಬಿದರೆ ಸಿಗುವುದು 1963ರಲ್ಲಿ ಮೈಸೂರಿನಿಂದ ಹೊರಬಂದ ಗಾಡಿಯಲ್ಲ. ಅದು ಎಂದೂ ಎಲ್ಲಿಯೂ ಇಲ್ಲದ ಒಂದು ಗಾಡಿ.

ಇನ್ನೂ ಒಂದು ಮಾತು. ಜೆಕ್ ಮುದ್ರೆಗೆ ಹೆಚ್ಚು ಬೆಲೆ ಕಟ್ಟುವ ನಮ್ಮ ಮಾರುಕಟ್ಟೆ ಈ ಚರಿತ್ರೆಯ ಮುಖ್ಯ ಸಾಧನೆಯನ್ನೇ ಕಡೆಗಣಿಸುತ್ತದೆ. ಪೆಟ್ಟಿಗೆಯಲ್ಲಿ ಬಂದ ಭಾಗಗಳನ್ನು ಜೋಡಿಸುವುದು ಒಂದು ಕೆಲಸ. ಆ ಭಾಗವನ್ನು ಅಳೆದು, ಅಚ್ಚು ಮಾಡಿ, ಎರಕ ಹೊಯ್ದು, ಅದೇ ಸೂಕ್ಷ್ಮತೆಗೆ ಕೊರೆದು ನಿಲ್ಲಿಸುವುದು ಬೇರೆಯೇ ಕೆಲಸ. ಮೈಸೂರಿನ ಸುತ್ತಿನ ಊರುಗಳ ಹುಡುಗರು ಆ ಎರಡನೆಯದನ್ನು ಕೆಲವೇ ವರ್ಷಗಳಲ್ಲಿ ಕಲಿತರು. ಐಡಿಯಲ್ ಜಾವಾದ ಮುದ್ರೆ ಬಿದ್ದ ಪ್ರತಿಯೊಂದು ಭಾಗವೂ ಆ ಕಲಿಕೆಯ ಶಾಸನ. ಅದನ್ನು ಕಿತ್ತು ಪ್ರಾಗ್‌ನ ಮುದ್ರೆ ಹಾಕುವುದೆಂದರೆ ಕನ್ನಡದ ಸ್ವಂತ ಕೃತಿಯನ್ನು ಪಕ್ಕಕ್ಕೆ ಸರಿಸಿ ಅದರ ಆಕರವನ್ನಷ್ಟೇ ಮೆಚ್ಚಿದ ಹಾಗೆ.

ಸೀರೆಯ ಸರಳು

ಉಳಿದದ್ದು ಆ ವೆಲ್ಡಿಂಗಿನ ಜಾಲರಿ. ಅತ್ತೆಗೆ ಫೋನು ಮಾಡಿ ಕೇಳಿದೆ. ಅವರು ನಕ್ಕರು. “ಮದುವೆಯಾದ ಹೊಸದರಲ್ಲಿ ನಂಜನಗೂಡಿಗೆ ಹೊರಟಿದ್ವಿ. ಸೆರಗು ಚಕ್ರಕ್ಕೆ ಸಿಕ್ಕಿಬಿಡ್ತು. ದೇವರು ದೊಡ್ಡವನು, ಗಾಡಿ ನಿಧಾನವಾಗಿತ್ತು. ವಾಪಸು ಬಂದವರೇ ನಿಮ್ಮ ಮಾವ ವೆಲ್ಡಿಂಗ್ ಅಂಗಡಿಗೆ ಹೋಗಿ ಅದನ್ನ ಕಟ್ಟಿಸಿದ್ರು. ಕಾಲಿಡೋಕೆ ಒಂದು ಹಲಗೇನೂ ಹಾಕಿಸಿದ್ರು.”

ಪ್ರಾಗ್‌ನಲ್ಲಿ ಈ ಬೈಕನ್ನು ರೂಪಿಸಿದವರ ಮುಂದೆ ಸೀರೆಯುಟ್ಟು ಒಂದೇ ಬದಿಗೆ ಕಾಲು ಹಾಕಿ ಕುಳಿತ ಹೆಂಗಸು ಇರಲಿಲ್ಲ. ಆಕೆಯನ್ನು ಕಣ್ಣಮುಂದೆ ಇಟ್ಟುಕೊಂಡು ಯಂತ್ರವನ್ನು ತಿದ್ದಿದವರು ನಮ್ಮ ಊರುಗಳ ವೆಲ್ಡಿಂಗ್ ಅಂಗಡಿಯವರು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮದ ಪ್ರಕಾರ ಪ್ರತಿಯೊಂದು ಮೋಟಾರ್‌ಸೈಕಲ್ಲಿಗೂ ಹಿಂದೆ ಕುಳಿತವರು ಹಿಡಿದುಕೊಳ್ಳಲು ಹಿಡಿಕೆ, ಕಾಲಿಡಲು ಆಸರೆ, ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟನ್ನು ಮುಚ್ಚುವ ರಕ್ಷಣೆ ಇರಲೇಬೇಕು. 1970ರ ದಶಕದ ಆರಂಭದಲ್ಲಿ ಒಬ್ಬ ಅನಾಮಧೇಯ ವೆಲ್ಡರು ನಮ್ಮ ಅತ್ತೆಗಾಗಿ ಬರೆದ ಟಿಪ್ಪಣಿ ಆಮೇಲೆ ದೇಶದ ಕಾನೂನಿನ ಮೂಲಪಾಠದಲ್ಲೇ ಸೇರಿದಂತಾಯಿತು. ಅದನ್ನು ಕತ್ತರಿಸಿ ಎಸೆಯುವ ಅಧಿಕಾರ ನನಗಿದೆಯೆಂದು ನನಗನಿಸಲಿಲ್ಲ. ಮೈಸೂರಿನ ಮೆಕ್ಯಾನಿಕ್ಕರಿಗೆ ಹೇಳಿದಾಗ ಅವರೂ, “ಬಿಡಿ ಸಾರ್, ಅದು ಅವರ ಮನೇದು” ಎಂದರು.

ಹಾಗಾಗಿ ನಾನು ಹಾಕಿಕೊಂಡ ನಿಯಮ ಸರಳವಾದದ್ದು. ಓಡಲು, ನಿಲ್ಲಲು, ಸುರಕ್ಷಿತವಾಗಿರಲು ಬೇಕಾದದ್ದೆಲ್ಲ ಹೊಸದು: ಕ್ರ್ಯಾಂಕಿನ ಸೀಲುಗಳು, ಬೇರಿಂಗುಗಳು, ಬ್ರೇಕಿನ ಲೈನರುಗಳು, ಕೇಬಲ್ಲುಗಳು, ಟೈರುಗಳು, ಸುಟ್ಟುಹೋದ ವೈರಿಂಗು. ದೀಪ ಮಂಕೆಂದು 12 ವೋಲ್ಟಿಗೆ ಬದಲಿಸಿಕೊಳ್ಳುವವರು ಬಹಳ ಮಂದಿ. ನಾನು 6 ವೋಲ್ಟಿನಲ್ಲೇ ಉಳಿಸಿದೆ. ಈ ಗಾಡಿ ರಾತ್ರಿ ಘೋಡ್‌ಬಂದರ್ ರಸ್ತೆಗೆ ಹೋಗಬೇಕಾಗಿಲ್ಲ. ಮೈಸೂರಿನ ಮುದ್ರೆಯ ಭಾಗಗಳು ಇದ್ದ ಜಾಗದಲ್ಲೇ ಇವೆ. ಯೆಜ್ಡಿಯ ಮುಚ್ಚಳವೂ ಇದೆ.

ಬಣ್ಣದ ವಿಷಯದಲ್ಲಿ ಮಾತ್ರ ಮನಸ್ಸು ಎರಡಾಯಿತು. ಎಮೆರಿ ಕಾಗದದಿಂದ ಉಜ್ಜುತ್ತ ಹೋದಾಗ ಮೇಲಿನ ನೀಲಿಯ ಕೆಳಗೆ ಕಪ್ಪು, ಕಪ್ಪಿನ ಕೆಳಗೆ ಕಾರ್ಖಾನೆಯ ಆ ಕೆಂಗಂದು ಬಣ್ಣ ಕಂಡಿತು. ತುಕ್ಕು ಹಿಡಿದ ತಗಡನ್ನು ಹಾಗೆಯೇ ಬಿಡುವಂತಿರಲಿಲ್ಲ. ಕೊನೆಗೆ ಕೆಂಗಂದು ಬಣ್ಣವನ್ನೇ ಹೊಡೆಸಿದೆ. ಸೀಟಿನ ಕೆಳಗೆ ಅಂಗೈಯಗಲ ಜಾಗವನ್ನು ಉಳಿಸಿ ಮೂರೂ ಪದರಗಳು ಕಾಣುವಂತೆ ವಾರ್ನಿಷ್ ಹಚ್ಚಿದ್ದೇನೆ. ಟ್ಯಾಂಕಿನ ಎರಡು ಬದಿಯ ಕ್ರೋಮಿಯಂ ಲೇಪ ಇನ್ನೊಂದು ಪಾಠ ಕಲಿಸಿತು. ಹೊಳಪು ಬರಿಸಲು ಲೋಹವನ್ನು ಹೆಚ್ಚು ಉಜ್ಜಿದರೆ ಅಂಚುಗಳೂ ಉಬ್ಬುಗೆರೆಗಳೂ ಸವೆದು ಮಾಯವಾಗುತ್ತವೆ. ಅಪ್ಪಟ ಕನ್ನಡಿಯಂಥ ಹೊಳಪನ್ನು ಬಿಟ್ಟುಕೊಟ್ಟು ಗೆರೆಗಳನ್ನು ಉಳಿಸಿಕೊಂಡೆ. ತೆಗೆದ ಭಾಗಗಳೆಲ್ಲ ಚೀಟಿಯೊಡನೆ ಒಂದು ಟ್ರಂಕಿನಲ್ಲಿವೆ. ನೋಟುಪುಸ್ತಕದಲ್ಲಿ ಎಲ್ಲದರ ದಾಖಲೆಯಿದೆ. ನನ್ನ ನಿರ್ಧಾರಗಳು ತಪ್ಪೆಂದು ನಾಳೆ ಯಾರಿಗಾದರೂ ತೋರಿದರೆ ತಿದ್ದಲು ಬೇಕಾದ ಸಾಮಗ್ರಿ ಅವರಿಗೆ ಸಿಗಬೇಕು.

ಸಿಗಲಾರದ್ದೂ ಒಂದಿದೆ. ನೂರೈವತ್ತಕ್ಕೂ ಹೆಚ್ಚು ಸಲ ಫೋನಿನಲ್ಲಿ ನನ್ನ ಪೆದ್ದುಪ್ರಶ್ನೆಗಳಿಗೆ ಉತ್ತರಿಸಿದ ಆ ಹಿರಿಯರ ಕಿವಿ. ಎಂಜಿನ್ನಿನ ಸದ್ದನ್ನು ದೂರದಿಂದ ಕೇಳಿ ಪಾಯಿಂಟಿನ ಅಂತರ ಸರಿಯಿಲ್ಲವೆಂದು ಹೇಳುವ ಆ ಜ್ಞಾನ ಯಾವ ಕೈಪಿಡಿಯಲ್ಲೂ ಇಲ್ಲ. ಕಾರ್ಖಾನೆ ಮುಚ್ಚಿದಾಗ ಅದು ಗ್ಯಾರೇಜುಗಳಿಗೆ ಚದುರಿತು. ಈಗ ಆ ಗ್ಯಾರೇಜುಗಳೂ ಒಂದೊಂದಾಗಿ ಮುಚ್ಚುತ್ತಿವೆ. ಹೆಸರಿನ ಒಡೆತನಕ್ಕೆ ನ್ಯಾಯಾಲಯವಿದೆ. ಈ ಕಸುಬಿಗೆ ವಾರಸುದಾರರೇ ಇಲ್ಲ. ಮುಂಬಯಿಯ ನಮ್ಮ ಸಂಘಗಳು ಹಿರಿಯ ಲೇಖಕರ, ರಂಗಕರ್ಮಿಗಳ ನೆನಪುಗಳನ್ನು ಧ್ವನಿಮುದ್ರಿಸಿ ಇಡುವ ಹಾಗೆ ಮೈಸೂರಿನಲ್ಲಿ ಯಾರಾದರೂ ಈ ಕಾರ್ಮಿಕರ ಮುಂದೆ ಕುಳಿತು ಅವರ ಮಾತನ್ನು ಬರೆದುಕೊಳ್ಳಬಾರದೇ ಎಂಬ ಆಸೆ ನನ್ನದು. ಫೋನಿನ ಮಾತುಗಳಲ್ಲಿ ನೆನಪಿದ್ದಷ್ಟನ್ನು ನಾನು ಆ ನೋಟುಪುಸ್ತಕದ ಕೊನೆಯ ಹಾಳೆಗಳಲ್ಲಿ ಬರೆದಿಟ್ಟಿದ್ದೇನೆ.

ಕಳೆದ ದಸರೆಯ ಆಯುಧಪೂಜೆಯಷ್ಟೊತ್ತಿಗೆ ಮುಗಿಯಬೇಕಿದ್ದ ಕೆಲಸ ಸಂಕ್ರಾಂತಿಗೆ ಮುಗಿಯಿತು. ಹನ್ನೊಂದನೆಯ ಕಿಕ್ಕಿಗೆ ಎಂಜಿನ್ನು ಎದ್ದಿತು. ಎರಡೂ ಸೈಲೆನ್ಸರುಗಳಿಂದ ಬಂದ ನೀಲಿ ಹೊಗೆ ಪಾರ್ಕಿಂಗನ್ನೆಲ್ಲ ತುಂಬಿತು. ಸೊಸೈಟಿಯ ಎರಡನೆಯ ಚೀಟಿ ಬರುವ ಮೊದಲೇ ನಿಲ್ಲಿಸಿದೆ. ಅಷ್ಟರಲ್ಲಿ ಆ ಸದ್ದನ್ನು ಮುದ್ರಿಸಿಕೊಂಡು ಅತ್ತೆಗೆ ಕಳುಹಿಸಿದ್ದೆ. ಸಂಜೆ ಅವರ ಉತ್ತರ ಬಂತು: “ಅವರು ಬೀದಿ ತಿರುವಿನಲ್ಲಿ ಬರೋವಾಗ ಹೀಗೇ ಕೇಳಿಸ್ತಿತ್ತು. ನಾನು ಕಾಫಿಗೆ ನೀರಿಡ್ತಿದ್ದೆ.”